ಗದ್ದೆ ಬದುವಿನ ಬಿಳಿ ಗುಂಡಿನ ಹಿಂದೆ ಬಿದ್ದು

ಮಲೆನಾಡಿನ ಹೂಗಿಡಗಳ ಮೇಲೆ ಕೆಲಸ ಮಾಡ್ತೀನಿ ಅಂದರೆ ಜನ ಕೇಳುವುದು ಸೀತಾಳೆ ದಂಡೆ, ಇಲ್ಲಾಂದ್ರೆ ಗುರಿಗೆ ಹೂವಿನ ವಿಷಯ. ನಾನು ಹಿಡಿದಿದ್ದು ಎರಿಯೋಕಾಲಾನ್ ಎಂಬ ಕುಲ. ಮಳೆ ಕಮ್ಮಿಯಾಗುವ ಹೊತ್ತಿಗೆ ಸಾಗರ, ಹೊಸನಗರದ ಗದ್ದೆ ಬದುಗಳಲ್ಲಿ, ನೀರು ಜಿನುಗುವ ಜಂಬಿಟ್ಟಿಗೆ ಹಾಸಿನ ಮೇಲೆ, ಗುಂಡುಸೂಜಿ ಚುಚ್ಚಿಟ್ಟ ಹಾಗೆ ಬಿಳಿ ತಲೆಗಳು ನಿಂತಿರುತ್ತವಲ್ಲ, ಅವೇ.

ಆ ಗುಂಡು ಒಂದು ಹೂವಲ್ಲ. ಅದರೊಳಗೆ ಹತ್ತಾರು ಹೂಗಳು, ಗಂಡು ಬೇರೆ, ಹೆಣ್ಣು ಬೇರೆ. ಜಗತ್ತಿನಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದವನ್ನು ಸಸ್ಯಶಾಸ್ತ್ರಜ್ಞ ಫೈಸನ್ 1919ರಿಂದ 1922ರವರೆಗೆ ವಿವರಿಸಿದರು. ಅನ್ಸಾರಿ ಮತ್ತು ಬಾಲಕೃಷ್ಣನ್ ಅವರ ದೊಡ್ಡ ಕೆಲಸ ಬಂದದ್ದು 1994ರಲ್ಲಿ. ಆಮೇಲೂ ಹೊಸ ಪ್ರಭೇದಗಳು ಸೇರುತ್ತಲೇ ಇವೆ. ಇದ್ದ ಹೆಸರುಗಳಲ್ಲಿ ಯಾವುದು ನಿಜಕ್ಕೂ ಬೇರೆ ಗಿಡ, ಯಾವುದು ಒಂದೇ ಗಿಡಕ್ಕೆ ಬಿದ್ದ ಎರಡನೇ ಹೆಸರು ಅಂತ ಕೂತು ನೋಡುವವರು ಮಾತ್ರ ಕಡಿಮೆ.

ಗಿಡ ಬೇರುಸಹಿತ ಬೇಕು. ಕಾಡಿನೊಳಗಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ. ಗದ್ದೆಯಲ್ಲಿ ಅಂಥ ತಾಪತ್ರಯವಿಲ್ಲ. "ಕೀಳೋದಾದ್ರೆ ಪೂರ್ತಿ ಕಿತ್ಕೊಂಡು ಹೋಗಿ ಮಾರಾಯ್ರೆ, ಕಳೆ ತೆಗೆಯೋ ಕೂಲಿ ಉಳೀತದೆ" ಅಂದರು ಒಬ್ಬರು. ಮಳೆಗಾಲದಲ್ಲಿ, ಪೇಪರ್ ನಡುವೆ ಒತ್ತಿ ಒಣಗಿಸಲು ಪ್ರೆಸ್‌ನಲ್ಲಿಟ್ಟ ಗಿಡ ಒಣಗುವ ಬದಲು ಬೂಸಲು ಹಿಡಿಯುತ್ತದೆ. ದಿನಾ ಪೇಪರ್ ಬದಲಿಸಿ, ಕಟ್ಟನ್ನು ಬಚ್ಚಲ ಒಲೆ ಹತ್ತಿರ ಇಡುವುದು ನಾನು ಕಂಡುಕೊಂಡ ಉಪಾಯ. ಒಂದಷ್ಟು ತಲೆಗಳನ್ನು ಸ್ಪಿರಿಟ್‌ನಲ್ಲೂ ಹಾಕಿಡುತ್ತೇನೆ.

ನಿಜವಾದ ಕೆಲಸ ಮೇಜಿನ ಮೇಲೆ. ಒಣಗಿದ ತಲೆಯನ್ನು ಬಿಸಿನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಫ್ಯಾನ್ ಆಫ್ ಮಾಡಿ, ಮೈಕ್ರೋಸ್ಕೋಪ್ ಕೆಳಗೆ ಇನ್ಸುಲಿನ್ ಸಿರಿಂಜಿನ ಸೂಜಿಯಿಂದ ಒಂದೊಂದೇ ಹೂ ಬಿಡಿಸಬೇಕು. ಗಂಡು ಹೂವಿನ ಪರಾಗಕೋಶ ಕಪ್ಪೋ ಬಿಳಿಯೋ? ಹೆಣ್ಣು ಹೂವಿಗೆ ಎಸಳಿದೆಯೋ ಇಲ್ಲವೋ? ಗದ್ದೆಯ ಎರಿಯೋಕಾಲಾನ್ ಸಿನೇರಿಯಂನಲ್ಲಿ ಪರಾಗಕೋಶ ಬಿಳಿ, ಹೆಣ್ಣು ಹೂವಿಗೆ ಎಸಳೇ ಇಲ್ಲ. ಅದನ್ನು ಗುರುತಿಸುವುದು ಸುಲಭ. ಎಲ್ಲವೂ ಇಷ್ಟು ಸಲೀಸಾಗಿದ್ದರೆ ನಾನು ಇಷ್ಟು ವರ್ಷ ಕೂರಬೇಕಿರಲಿಲ್ಲ ಅನ್ನಿ.

ಗಿಡದ ಎತ್ತರ, ಎಲೆಯ ಅಗಲ ನಂಬಿ ಕೂತರೆ ಮುಗೀತು. ನೀರು ನಿಂತಲ್ಲಿ ಸೊಂಪಾಗಿ ಬೆಳೆಯುವ ಗಿಡವೇ ಕಲ್ಲಿನ ಮೇಲೆ ಬೆರಳುದ್ದವೂ ಇರುವುದಿಲ್ಲ. ಬೀಜ ಅಷ್ಟಾಗಿ ಮೋಸ ಮಾಡುವುದಿಲ್ಲ. ಅರ್ಧ ಮಿಲಿಮೀಟರ್ ಆಸುಪಾಸಿನ ಬೀಜ, ಕಣ್ಣಿಗೆ ಬರೀ ಕಂದು ಚುಕ್ಕೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಅದರ ಮೈಮೇಲೆ ಸಾಲುಸಾಲು ಗೆರೆ, ಕೆಲವದರಲ್ಲಿ ಸಣ್ಣ ಮುಳ್ಳಿನಂಥ ಚಾಚು ಕಾಣುತ್ತವೆ. ಬೀಜ ಬಲಿಯದಿದ್ದರೆ ಇವು ಸರಿಯಾಗಿ ಮೂಡಿರುವುದಿಲ್ಲ. ಹಾಗಾಗಿ ಫೋಟೋಗೆ ಚಂದ ಕಾಣುವ ತಲೆ ಸಾಲದು, ಕೆದರಿ ಕಂದಾದದ್ದೂ ಬೇಕು.

ಇನ್ನು ಹೆಸರಿನ ಲೆಕ್ಕ. ಹೆಸರು ಯಾವ ಮಾದರಿಗೆ ಅಂಟಿಕೊಂಡಿದೆಯೋ ಅದನ್ನೇ, ಅಂದರೆ ಟೈಪ್ ಹಾಳೆಯನ್ನೇ ನೋಡಬೇಕು. ಅದಕ್ಕೆ ಕೊಯಮತ್ತೂರು, ಹೌರಾ ಹರ್ಬೇರಿಯಂಗಳಿಗೆ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹಗಳಿಗೆ ಹೋಗಬೇಕು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿರುವ ಹಾಳೆಗಳ ಚಿತ್ರ ಆನ್‌ಲೈನ್‌ನಲ್ಲೇ ಸಿಗುತ್ತವೆ. ಹತ್ತೊಂಬತ್ತನೇ ಶತಮಾನದ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರ ಎಷ್ಟೋ ಹಾಳೆಗಳ ಮೇಲೆ ಜಾಗ ಅಂತ ಅಚ್ಚಾಗಿರುವುದು ಭಾರತದ ಪರ್ಯಾಯ ದ್ವೀಪ ಅಂತಷ್ಟೇ! ಕೆಲವೊಮ್ಮೆ ಒಂದೇ ಹಾಳೆಯಲ್ಲಿ ಎರಡು ಪ್ರಭೇದ ಬೆರೆತಿರುತ್ತವೆ. ಆಗ ಮೂಲ ವಿವರಣೆಗೆ ಹೊಂದುವ ಗಿಡವನ್ನು ಲೆಕ್ಟೋಟೈಪ್, ಅಂದರೆ ಇನ್ನು ಮುಂದೆ ಆ ಹೆಸರಿನ ಮಾದರಿ ಎಂದು ಆರಿಸಬೇಕು. ಎರಡು ಹೆಸರು ಒಂದೇ ಪ್ರಭೇದದ್ದು ಅಂತಾದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದು ಉಳಿಯುತ್ತದೆ. ಹೊಸ ಪ್ರಭೇದ ಸಿಕ್ಕರೆ ಪತ್ರಿಕೆಯಲ್ಲಿ ಸುದ್ದಿ, ಹೀಗೆ ಎರಡನೇ ಹೆಸರು ಇಳಿಸಿದರೆ ಯಾರೂ ಕೇಳುವುದಿಲ್ಲ. ನನಗಂತೂ ಎರಡನೆಯದೇ ಜಾಸ್ತಿ ಉಪಯೋಗದ ಕೆಲಸ ಅನ್ನಿಸುತ್ತದೆ.

ಕೊನೆಗೆ ಬರೆಯುವುದು ಕೀಲಿ, ಅಂದರೆ ಹೌದು-ಅಲ್ಲ ಅಂತ ನೋಡುತ್ತಾ ಹೆಸರಿಗೆ ತಲುಪುವ ದಾರಿ. ಈ ಗಿಡಗಳನ್ನೇ ಕಾಣದ ವಿದ್ಯಾರ್ಥಿನಿಯೊಬ್ಬಳ ಕೈಗೆ ಅದನ್ನೂ ಒಂದು ಕಟ್ಟು ಗಿಡವನ್ನೂ ಕೊಟ್ಟೆ. "ಸರ್, ಇದರಲ್ಲಿ ಗಂಡು ಹೂವೆಲ್ಲ ಉದುರಿ ಹೋಗಿದೆ, ಪರಾಗಕೋಶದ ಬಣ್ಣ ಎಲ್ಲಿ ನೋಡ್ಲಿ?" ಅಂದಳು. ಆ ಪ್ರಶ್ನೆಯನ್ನು ಕೀಲಿಯಲ್ಲಿ ಕೆಳಕ್ಕೆ ತಳ್ಳಿ, ಹೆಣ್ಣು ಹೂವಿನ ಲಕ್ಷಣವನ್ನು ಮೇಲಕ್ಕೆ ತಂದಿದ್ದೇನೆ.