ಎರಡು ಲೈನ್, ಒಂದೇ ಕಂಬ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಸಹಕಾರಿ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಮೊದಲು ಅಲ್ಲಿ ಎಲ್ಲವೂ ಒಂದೊಂದೇ ಇತ್ತು. ಒಂದು ಫೈಬರ್, ಒಂದು ರೂಟರ್, ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಒಂದು ನೆಟ್‌ವರ್ಕ್ ಸ್ವಿಚ್. ಯಾವುದು ಕೆಟ್ಟರೂ ಕೌಂಟರ್ ಬಂದ್. ಹಾಗಾಗಿ ಎಲ್ಲವನ್ನೂ ಎರಡೆರಡು ಮಾಡಿಸಿದೆ. ಫೈಬರ್ ಕೂಡ ಬೇರೆ ಬೇರೆ ಕಂಪನಿಯದ್ದು. ಇನ್ನು ನಿಶ್ಚಿಂತೆ ಅಂದುಕೊಂಡೆ.

ಜುಲೈಯ ಒಂದು ಬೆಳಿಗ್ಗೆ ಎರಡೂ ಲೈನ್ ಒಟ್ಟಿಗೇ ಹೋಯಿತು. ಕಾರ್ಯದರ್ಶಿಯವರ ಫೋನ್: "ಎರಡು ಲೈನ್ ಉಂಟಲ್ವಾ ಮಾರಾಯ್ರೇ, ಮತ್ತೆ ಎಂತಕ್ಕೆ ನಿಂತದ್ದು?" ಕೊಡೆ ಹಿಡಿದು ಕೇಬಲ್ಲಿನ ಹಿಂದೆಯೇ ನಡೆದೆ. ತಿರುವಿನಲ್ಲಿ ಹಲಸಿನ ಕೊಂಬೆ ಮುರಿದು ಬಿದ್ದಿತ್ತು. ಎರಡು ಕಂಪನಿಯವರೂ ಒಂದೇ ಕಂಬಕ್ಕೆ ಕೇಬಲ್ ಕಟ್ಟಿದ್ದರು. ನಾನು ಬರೆದ ನಕ್ಷೆಯಲ್ಲಿ ಎರಡು ಗೆರೆ ಇತ್ತು, ಕಂಬ ಇರಲಿಲ್ಲ.

ಒಂದು ಫೈಬರ್ ತೆಗೆಸಿ, ಎದುರಿನ ಗುಡ್ಡದ ಟವರಿನಿಂದ ರೇಡಿಯೋ ಲಿಂಕ್ ಹಾಕಿಸಿದೆ. 5 ಗಿಗಾಹರ್ಟ್ಸ್‌ನದ್ದು. ಮಳೆಗೆ ನಿಲ್ಲುತ್ತದಾ ಅಂತ ಎಲ್ಲರೂ ಕೇಳಿದರು. ಇಷ್ಟು ದೂರಕ್ಕೆ ಮಳೆಯಿಂದ ತೊಂದರೆ ಇಲ್ಲ, ಅಡ್ಡ ಬರುವುದು ಒದ್ದೆ ಎಲೆ. ಆಂಟೆನಾದ ಪೈಪನ್ನು ಪಕ್ಕದ ತೋಟದ ಅಡಿಕೆ ಮರಗಳ ತಲೆಗಿಂತ ಮೇಲೆ ಏರಿಸಬೇಕಾಯಿತು.

ರೂಟರ್‌ಗಳ ನಡುವೆ ವಿಆರ್‌ಆರ್‌ಪಿ ಇದೆ, ಒಂದು ರೂಟರ್ ಸತ್ತರೆ ಇನ್ನೊಂದು ಅದರ ಜಾಗಕ್ಕೆ ನಿಲ್ಲುವ ಏರ್ಪಾಡು. ಕಂಪ್ಯೂಟರ್‌ಗಳಿಗೆ ಕಾಣುವುದು ಒಂದೇ ಗೇಟ್‌ವೇ ವಿಳಾಸ, ಅಂದರೆ ಹೊರಗೆ ಹೋಗುವ ಬಾಗಿಲು. ಮುಖ್ಯ ರೂಟರ್ ಸೆಕೆಂಡಿಗೊಮ್ಮೆ "ಇದ್ದೇನೆ" ಎನ್ನುತ್ತದೆ. ಮೂರು ಸಲ ಸುದ್ದಿ ಇಲ್ಲದಿದ್ದರೆ ಇನ್ನೊಂದು ಆ ವಿಳಾಸವನ್ನು ತಾನೇ ಎತ್ತಿಕೊಳ್ಳುತ್ತದೆ. ನಾಲ್ಕು ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಆದರೆ ರೂಟರ್ ಬದುಕಿದ್ದು ಆಚೆಗೆಲ್ಲೋ ಲೈನ್ ಸತ್ತರೆ? ವಿಆರ್‌ಆರ್‌ಪಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಗೂಗಲ್‌ನ 8.8.8.8 ಮತ್ತು ಕ್ಲೌಡ್‌ಫ್ಲೇರ್‌ನ 1.1.1.1 ಎಂಬ ಎರಡು ಸರ್ವರಿಗೂ ಪಿಂಗ್ ಹಾಕಿದ್ದೇನೆ, ಅಂದರೆ ಆಗಾಗ ಕರೆದು ಉತ್ತರ ಬರುತ್ತದಾ ಎಂದು ನೋಡುವುದು. ಎರಡೂ ಮಾತಾಡದಿದ್ದರೆ ಮಾತ್ರ ಆ ಲೈನ್ ಬಿಡುವುದು. ಒಂದನ್ನೇ ನಂಬಿದರೆ ಸುಮ್ನೆ ಅತ್ತಿಂದಿತ್ತ ಹಾರಾಟ.

ನಾನು ಜಾಸ್ತಿ ಪೆಟ್ಟು ತಿಂದದ್ದು ಎರಡು ಲೈನಿಗೆ ಲೋಡ್ ಹಂಚುವಾಗ. ಮೊದಲು ಪ್ರತಿ ಕನೆಕ್ಷನ್ನನ್ನೂ ಒಮ್ಮೆ ಈ ಲೈನಿಗೆ, ಒಮ್ಮೆ ಆ ಲೈನಿಗೆ ಅಂತ ಹಂಚಿದೆ. ಗ್ರಾಫ್ ನೋಡಲು ಚಂದವೇ ಇತ್ತು. ಕೌಂಟರಿನಲ್ಲಿ ಮಾತ್ರ ಲಾಗಿನ್ ಆದವರು ಹೊರಗೆ ಬೀಳುತ್ತಿದ್ದರು. ಒಂದೇ ಕಂಪ್ಯೂಟರ್ ಎರಡು ವಿಳಾಸದಿಂದ ಬಂದರೆ ಬ್ಯಾಂಕಿಂಗ್ ಸೈಟಿಗೆ ಸಂಶಯ ಬಾರದೆ ಇರುತ್ತದಾ? ಈಗ ಒಂದು ಕಂಪ್ಯೂಟರಿಗೆ ಒಂದೇ ಲೈನ್. ಅದು ಹೋದರೆ ಮಾತ್ರ ಇನ್ನೊಂದು.

ಫೈಬರ್ 100 ಎಂಬಿಪಿಎಸ್, ರೇಡಿಯೋ 50. ಅಂದರೆ ನಿಜವಾಗಿ ನಂಬಬಹುದಾದದ್ದು 50 ಮಾತ್ರ, 150 ಅಲ್ಲ. ರೇಡಿಯೋ ಒಂದೇ ಉಳಿದಾಗ ಸಿಸಿ ಕ್ಯಾಮರಾದ ಬ್ಯಾಕಪ್ ತಾನಾಗಿಯೇ ನಿಲ್ಲುವ ಹಾಗೆ ಮಾಡಿದ್ದೇನೆ. ಕೌಂಟರುಗಳನ್ನೂ ಎರಡು ಸ್ವಿಚ್‌ಗೆ ಬಿಟ್ಟು ಬಿಟ್ಟು ಜೋಡಿಸಿದ್ದೇನೆ. 1 ಮತ್ತು 3 ಒಂದಕ್ಕೆ, 2 ಮತ್ತು 4 ಇನ್ನೊಂದಕ್ಕೆ. ಒಂದು ಸ್ವಿಚ್ ಸತ್ತರೂ ಅರ್ಧ ಕೌಂಟರ್ ನಡೆಯುತ್ತದೆ.

ತಿಂಗಳಿಗೊಮ್ಮೆ ಶನಿವಾರ ಸಂಜೆ, ಬಾಗಿಲು ಹಾಕಿದ ಮೇಲೆ, ಒಂದೊಂದೇ ಕೇಬಲ್ ಎಳೆದು ನೋಡುತ್ತೇನೆ. ಎರಡನೇ ತಿಂಗಳೇ ಒಂದು ಸಂಗತಿ ಸಿಕ್ಕಿತು. ಎರಡು ರೂಟರಿಗೆ ಎರಡು ಯುಪಿಎಸ್ ಇದೆ, ಸರಿ. ಆದರೆ ಎರಡಕ್ಕೂ ಕರೆಂಟು ಬರುವುದು ಲೈನ್ ಕರೆಂಟಿನಿಂದ ಜನರೇಟರಿಗೆ ಬದಲಿಸುವ ಒಂದೇ ಚೇಂಜ್‌ಓವರ್ ಸ್ವಿಚ್ಚಿನಿಂದ. ಅದು ಸುಟ್ಟರೆ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ.

ಕಾರ್ಯದರ್ಶಿಯವರಿಗೆ ಹೇಳಿದೆ. ಅವರು ಎಸ್ಟಿಮೇಟ್ ಒಮ್ಮೆ ಓದಿ, ಮಡಚಿ ಡ್ರಾಯರಿಗೆ ಹಾಕಿದರು.

"ಅಡಿಕೆಗೆ ಒಳ್ಳೆ ರೇಟ್ ಬರಲಿ ಮಾರಾಯ್ರೇ, ನೋಡುವ."