ಆಡಿಯೋಗ್ರಾಂ ಹೇಳದ್ದನ್ನು ಅಳೆಯಲು ಹೊರಟಾಗ

ಶ್ರವಣದೋಷವಿರುವ ಇಬ್ಬರು ಮಕ್ಕಳ ಆಡಿಯೋಗ್ರಾಂ, ಅಂದರೆ ಯಾವ ಧ್ವನಿ ಎಷ್ಟು ಕೇಳಿಸುತ್ತದೆ ಎಂಬ ನಕ್ಷೆ, ಹೆಚ್ಚುಕಡಿಮೆ ಒಂದೇ. ಮೂರು ವರ್ಷ ತುಂಬುವ ಹೊತ್ತಿಗೆ ಒಬ್ಬಳು ಪುಟ್ಟ ಕಥೆ ಹೇಳುತ್ತಾಳೆ, ಇನ್ನೊಬ್ಬನಿಗೆ ಬೇಕಾದ್ದನ್ನು ಕೇಳುವುದಕ್ಕೂ ಬರುವುದಿಲ್ಲ. ಶ್ರವಣ ತಜ್ಞೆಯಾಗಿದ್ದ ನನ್ನನ್ನು ಸಂಶೋಧನೆಗೆ ಎಳೆದದ್ದು ಈ ವ್ಯತ್ಯಾಸ.

ಉತ್ತರದ ಒಂದು ಭಾಗ ಮೊದಲೇ ಸಿಕ್ಕಿತ್ತು. ಕ್ರಿಸ್ಟೀನ್ ಯೊಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾದ ಮಕ್ಕಳು ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ನೆರವು ಎಂಬ 1-3-6 ಗುರಿಯ ಹಿಂದೆ ಇಂಥ ಪುರಾವೆಯಿದೆ. ಆದರೆ ನಾನು ನೋಡುತ್ತಿದ್ದ ಇಬ್ಬರಿಗೂ ಬೇಗನೆ ಪತ್ತೆಯಾಗಿತ್ತು, ಇಬ್ಬರ ಕಿವಿಯಲ್ಲೂ ಶ್ರವಣ ಸಾಧನ ಇತ್ತು.

ಹಾಗಾಗಿ ಕ್ಲಿನಿಕ್ಕಿನ ಧ್ವನಿನಿರೋಧಕ ಕೋಣೆ ಬಿಟ್ಟು ಮನೆಯೊಳಗೆ ಅಳೆಯಲು ತೀರ್ಮಾನಿಸಿದೆ. ಮೊದಲು ಸಾಧನದೊಳಗಿನ ಡೇಟಾಲಾಗ್. ದಿನಕ್ಕೆ ಎಷ್ಟು ಹೊತ್ತು ಅದು ಚಾಲೂ ಇತ್ತೆಂದು ಅದೇ ದಾಖಲಿಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಮಲಗಿದ ಸಾಧನ ಎಷ್ಟು ಒಳ್ಳೆಯದಾದರೇನು? ಆಮೇಲೆ ದೂರ ಮತ್ತು ಗದ್ದಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ; ಗೋಡೆಗಳ ನಡುವೆ ಕುಗ್ಗುವುದು ಕಡಿಮೆ, ಆದರೆ ಪ್ರತಿಧ್ವನಿ ಮಾತನ್ನು ಕಲಸಿಬಿಡುತ್ತದೆ.

ನನ್ನ ಹೆಚ್ಚಿನ ಸಮಯ ಹೋದದ್ದು ವಿಡಿಯೋಗೆ. ತಂದೆಯೋ ತಾಯಿಯೋ ಮಗುವಿನ ಜೊತೆ ಆಡುವುದನ್ನು ಚಿತ್ರಿಸಿ, ನಂತರ ಸೆಕೆಂಡು ಸೆಕೆಂಡಾಗಿ ಕೋಡ್ ಮಾಡುತ್ತಿದ್ದೆವು: ಯಾರು ಯಾರನ್ನು ನೋಡಿದರು, ಯಾರು ಶುರು ಮಾಡಿದರು, ಯಾರು ಉತ್ತರಿಸಿದರು. ಒಂದೇ ತುಣುಕನ್ನು ಇಬ್ಬರು ಪರಸ್ಪರ ಕೇಳದೆ ಕೋಡ್ ಮಾಡಬೇಕು, ಇಬ್ಬರದೂ ತಾಳೆಯಾಗಬೇಕು. ಬೇಸರ ಹಿಡಿಸುವ ಕೆಲಸ. ಆದರೂ ಇದನ್ನು ಬಿಟ್ಟು ಮುಂದೆ ಹೋಗಬಾರದು ಎಂದೇ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಒಂದು ತುಣುಕಿನಲ್ಲಿ ಮಗು ಆಟಿಕೆ ಕಾರನ್ನು ಇಳಿಜಾರಿನಲ್ಲಿ ಬಿಡುತ್ತಿದೆ. ಅಮ್ಮ ಹಿಂದೆ ಕೂತು "ಕಾರು ಹೋಯ್ತು, ನೋಡು, ಕೆಂಪು ಕಾರು" ಎಂದು ಎಡೆಬಿಡದೆ ಮಾತಾಡುತ್ತಿದ್ದಾಳೆ. ಪದ ಎಣಿಸಿದರೆ ಒಳ್ಳೆಯ ಅಂಕ. ಆದರೆ ಮಗು ಒಮ್ಮೆಯೂ ತಿರುಗಿಲ್ಲ. ಕೆಲವು ತಿಂಗಳ ನಂತರದ ತುಣುಕಿನಲ್ಲಿ ಅವಳು ಎದುರಿಗೆ ಕೂತಿದ್ದಾಳೆ, ಕಾರು ಹಿಡಿದು ಸುಮ್ಮನೆ ಕಾಯುತ್ತಿದ್ದಾಳೆ. ಮಗು ಮುಖ ನೋಡುತ್ತದೆ. "ಬಿಡ್ಲಾ?" ಮಗು ತಲೆಯಾಡಿಸುತ್ತದೆ. ಕಾರು ಹೋಗುತ್ತದೆ. "ಬಿ!" ಎನ್ನುತ್ತದೆ ಮಗು. ಮಾತು ಕಡಿಮೆಯಾಗಿದೆ, ಒಬ್ಬರಾದ ಮೇಲೆ ಒಬ್ಬರು ಪ್ರತಿಕ್ರಿಯಿಸುವ ಸರದಿ ಹೆಚ್ಚಾಗಿದೆ. ನಾನು ಹುಡುಕುತ್ತಿದ್ದದ್ದು ಈ ಸರದಿಗಳನ್ನೇ. ಪ್ರತಿ ರೆಕಾರ್ಡಿಂಗ್ ಆದಮೇಲೆ ಪೋಷಕರ ಜೊತೆ ಕೂತು ಅವರದೇ ಒಳ್ಳೆಯ ಕ್ಷಣಗಳನ್ನು ತೋರಿಸುವುದನ್ನು ಅಧ್ಯಯನದ ಭಾಗವಾಗಿಯೇ ಇಟ್ಟುಕೊಂಡೆ. ಸಂಶೋಧನೆ ಮುಗಿಯುವವರೆಗೆ ಮಗು ಕಾಯಬೇಕಾಗಿಲ್ಲ.

ಸರದಿ ಬಾಯಿಂದಲೇ ಬರಬೇಕೆಂದಿಲ್ಲ, ಕೈಯಿಂದಲೂ ಬರಬಹುದು. ಸನ್ನೆ ಭಾಷೆ ಕಲಿತರೆ ಮಗು ಮಾತು ಬಿಟ್ಟುಬಿಡುತ್ತದೆ ಎಂಬ ಭಯವನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಸಲೀಸಾಗಿ ಓಡಾಡುವ ಒಂದು ಭಾಷೆಯೂ ಇಲ್ಲದಿರುವುದೇ ನಿಜವಾದ ಅಪಾಯ.

ಇದು ಗಟ್ಟಿಯಾಗಿ ಕಾಣುವುದು ತಪ್ಪು ನಂಬಿಕೆಯ ಪರೀಕ್ಷೆಯಲ್ಲಿ. ಇನ್ನೊಬ್ಬರು ತಪ್ಪಾಗಿ ಅಂದುಕೊಂಡಿರುವುದು ಮಗುವಿಗೆ ಅರ್ಥವಾಗುತ್ತದೆಯೇ ಎಂದು ಅದು ನೋಡುತ್ತದೆ. ಗೊಂಬೆಯೊಂದು ಚೆಂಡನ್ನು ಬುಟ್ಟಿಯಲ್ಲಿಟ್ಟು ಹೋಗುತ್ತದೆ. ಇನ್ನೊಂದು ಅದನ್ನು ಪೆಟ್ಟಿಗೆಗೆ ಸಾಗಿಸುತ್ತದೆ. ಮೊದಲ ಗೊಂಬೆ ಮರಳಿದಾಗ ಎಲ್ಲಿ ಹುಡುಕುತ್ತದೆ? ಕೇಳಿಸುವ ಮಕ್ಕಳು ನಾಲ್ಕೈದು ವರ್ಷಕ್ಕೆ "ಬುಟ್ಟಿ" ಎನ್ನುತ್ತಾರೆ. ಪೀಟರ್‌ಸನ್ ಮತ್ತು ಸೀಗಲ್ ಎಂಬ ಸಂಶೋಧಕರು 1995ರಲ್ಲಿ ತೋರಿಸಿದಂತೆ, ಎಂಟು ವರ್ಷ ದಾಟಿದ ಕಿವುಡ ಮಕ್ಕಳಲ್ಲೂ ಹಲವರು ಇಲ್ಲಿ ಎಡವಿದರು. ಆದರೆ ಕಿವುಡ ತಂದೆತಾಯಿಗೆ ಹುಟ್ಟಿ, ಮೊದಲಿನಿಂದ ಸನ್ನೆ ಭಾಷೆಯಲ್ಲೇ ಬೆಳೆದ ಮಕ್ಕಳಲ್ಲಿ ಈ ವಿಳಂಬ ಕಾಣುವುದಿಲ್ಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಅಂದರೆ ತೊಡಕು ಕಿವಿಯಲ್ಲಿಲ್ಲ. ಮನಸ್ಸಿನ ಬಗ್ಗೆ ಮಾತಾಡುವವರು ಎಡವಿದ ಮಕ್ಕಳಿಗೆ ಸಿಕ್ಕಿರಲಿಲ್ಲ.

ಹಾಗಾಗಿ ನಮ್ಮ ಕೋಡಿಂಗ್ ಪಟ್ಟಿಗೆ "ಗೊತ್ತು", "ಅಂದುಕೊಂಡೆ", "ಮರೆತೆ", "ಇಷ್ಟ" ಇವೆಲ್ಲ ಸೇರಿವೆ, ನುಡಿದದ್ದಾಗಲಿ ಸನ್ನೆಯಾಗಲಿ. ಪೋಷಕರಿಗೂ ಅದನ್ನೇ ಹೇಳುತ್ತೇನೆ: ವಸ್ತುವಿನ ಹೆಸರು ಹೇಳಿಕೊಟ್ಟಷ್ಟೇ ಶ್ರದ್ಧೆಯಿಂದ, ಅಣ್ಣ ಯಾಕೆ ಕೋಪಿಸಿಕೊಂಡ ಎನ್ನುವುದನ್ನೂ ಮಗುವಿಗೆ ಬಿಡಿಸಿ ಹೇಳಿ.