ಮತ್ತೊಬ್ಬರಿಗೆ ವೀಡಿಯೊ ಗೇಮ್ ಸೂಚಿಸುವುದು ಹೇಗೆ

ಯಾರಾದರೂ ಒಂದು ಒಳ್ಳೆಯ ಗೇಮ್ ಹೇಳಿ ಎಂದು ಕೇಳಿದ ಕೂಡಲೇ ನಮಗೆ ಅಚ್ಚುಮೆಚ್ಚಾದ ಆಟದ ಹೆಸರು ಬಾಯಿಗೆ ಬರುವುದು ಸಹಜ. ಹಾಗೆ ನಾನು ಸೂಚಿಸಿದ ಎಷ್ಟೋ ಆಟಗಳನ್ನು ಕೇಳಿದವರು ಅರ್ಧ ಗಂಟೆಯೊಳಗೇ ಕೈಬಿಟ್ಟಿದ್ದಾರೆ. ಪಜಲ್ ಬೇಕು, ಆ್ಯಕ್ಷನ್ ಬೇಕು ಎಂದು ಅವರು ಪ್ರಕಾರವನ್ನು ಹೇಳಿದರೂ ಅದೊಂದರಿಂದಲೇ ಆಯ್ಕೆ ಸರಿಹೋಗುವುದಿಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ರೂಪಿಸಿದ ಟೆಟ್ರಿಸ್ ಪಜಲ್ ಆಟ. 2018ರಲ್ಲಿ ಬಂದ ರಿಟರ್ನ್ ಆಫ್ ದಿ ಓಬ್ರಾ ಡಿನ್ ಕೂಡ ಪಜಲ್ ಆಟವೇ. ಮೊದಲನೆಯದು ಬೆರಳುಗಳ ಚುರುಕನ್ನು ಬೇಡುತ್ತದೆ. ಎರಡನೆಯದಾದರೋ ಒಂದು ಹಡಗಿನಲ್ಲಿದ್ದ 60 ಮಂದಿ ಯಾರು ಯಾರು, ಅವರಿಗೆ ಏನಾಯಿತು ಎಂಬುದನ್ನು ಉಡುಪು, ಮಾತು, ನಿಂತ ಜಾಗ ಇವುಗಳಿಂದ ಊಹಿಸುತ್ತ ಆತುರವಿಲ್ಲದೆ ಯೋಚಿಸಲು ಬಿಡುತ್ತದೆ.

ಆದ್ದರಿಂದ ಪ್ರಕಾರವನ್ನು ವಿಚಾರಿಸುವ ಮೊದಲು ಮೂರು ಸಂಗತಿಗಳನ್ನು ತಿಳಿದುಕೊಳ್ಳಿ: ಕಂಟ್ರೋಲರ್ ಹಿಡಿದು ಅವರಿಗೆ ಅಭ್ಯಾಸವಿದೆಯೇ, ಒಮ್ಮೆ ಕುಳಿತರೆ ಎಷ್ಟು ಹೊತ್ತು ಆಡಬಲ್ಲರು, ಸೋತಾಗ ಅವರಲ್ಲಿ ಹಟ ಹುಟ್ಟುತ್ತದೆಯೋ ಬೇಸರ ಮೂಡುತ್ತದೆಯೋ.

ಇವುಗಳಲ್ಲಿ ಮೊದಲನೆಯದನ್ನೇ ನಾವು ಹೆಚ್ಚಾಗಿ ಮರೆಯುತ್ತೇವೆ. ಎಡ ಹೆಬ್ಬೆರಳಿನಿಂದ ನಡೆಯುತ್ತ, ಅದೇ ಹೊತ್ತಿಗೆ ಬಲ ಹೆಬ್ಬೆರಳಿನಿಂದ ಕ್ಯಾಮೆರಾ, ಅಂದರೆ ಪರದೆಯಲ್ಲಿ ಕಾಣುವ ನೋಟವನ್ನು, ತಿರುಗಿಸುವುದು ಹಳಬರಿಗೆ ಉಸಿರಾಟದಷ್ಟು ಸಲೀಸಾದರೂ ಹೊಸಬರು ಅದನ್ನು ಸೈಕಲ್ ಕಲಿತಂತೆಯೇ ಕಲಿಯಬೇಕಾಗುತ್ತದೆ. 2007ರ ಪೋರ್ಟಲ್ ಬುದ್ಧಿಗೆ ಕೆಲಸ ಕೊಡುವ ಅತ್ಯುತ್ತಮ ಆಟವೆಂದು ನಂಬಿ, ಒಗಟುಗಳನ್ನು ಪ್ರೀತಿಸುವ ನನ್ನ ಆಪ್ತರೊಬ್ಬರಿಗೆ ಅದನ್ನು ಕೊಟ್ಟಿದ್ದೆ. ಒಗಟಿನ ಉತ್ತರ ಅವರಿಗೆ ಹೊಳೆಯುತ್ತಿತ್ತು; ಆದರೆ ಪರದೆಯ ಮೇಲೆ ಗೋಡೆ ಬಿಟ್ಟರೆ ಚಾವಣಿ, ಚಾವಣಿ ಬಿಟ್ಟರೆ ನೆಲ ಕಾಣಿಸುತ್ತಿತ್ತೇ ಹೊರತು ನೋಡಬೇಕಾದ ಕಡೆಗೆ ನೋಟ ನಿಲ್ಲುತ್ತಿರಲಿಲ್ಲ. ಇಂಥವರಿಗೆ ಮೊದಲು ಕ್ಯಾಮೆರಾ ತಿರುಗಿಸುವ ಕೆಲಸವೇ ಇಲ್ಲದ ಆಟಗಳನ್ನು ಸೂಚಿಸಬೇಕು. ಬೆರಳಿನಿಂದ ಮುಟ್ಟಿ ಆಡುವ ಮಾನ್ಯುಮೆಂಟ್ ವ್ಯಾಲಿ, ರೈಲು ಮಾರ್ಗಗಳ ಗೆರೆ ಎಳೆಯುವ ಮಿನಿ ಮೆಟ್ರೋ ಅಂಥವು. ಇನ್ನು ಕೆಲವರಿಗೆ ಮೂರು ಆಯಾಮದ ಆಟಗಳಿಂದ ತಲೆ ಸುತ್ತುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ನೋಟದ ಅಗಲ) ಹೆಚ್ಚಿಸಿ, ಮೋಷನ್ ಬ್ಲರ್ (ಚಲಿಸುವಾಗ ಚಿತ್ರ ಮಸುಕಾಗುವುದು) ಹಾಗೂ ಕ್ಯಾಮೆರಾ ಅಲುಗಾಟವನ್ನು ನಿಲ್ಲಿಸಿದರೆ ಹಲವರಿಗೆ ಆರಾಮವಾಗುತ್ತದೆ. ಆಗಲೂ ತಲೆ ಸುತ್ತಿದರೆ ಒತ್ತಾಯ ಬೇಡ.

ಸಮಯದ ವಿಚಾರದಲ್ಲಿ ಆಟದ ಒಟ್ಟು ಅವಧಿಗಿಂತ ಅದನ್ನು ಎಲ್ಲಿ ನಿಲ್ಲಿಸಬಹುದು ಎಂಬುದು ಮುಖ್ಯ. ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ದುಡಿದು 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಬೇಸಾಯದ ಒಂದು ದಿನ ಮುಗಿಯಲು ಸುಮಾರು 14 ನಿಮಿಷ ಸಾಕು. ಕಂಪ್ಯೂಟರ್ ಮತ್ತು ಕನ್ಸೋಲ್‌ಗಳಲ್ಲಿ ಆ ದಿನ ಮುಗಿದು ಪಾತ್ರ ಮಲಗಿದಾಗ ಮಾತ್ರ ಆಟ ಸೇವ್ ಆಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಟ್ರಾಟಜಿ ಬಯಸುವವರಿಗೆ ಎಲ್ಲರೂ ಸಿವಿಲೈಸೇಷನ್ ಹೆಸರನ್ನೇ ಹೇಳುತ್ತಾರೆ. ಅದು ದೊಡ್ಡ ಆಟ ನಿಜ, ಆದರೆ ಇನ್ನೊಂದೇ ಸರದಿ ಎನ್ನುತ್ತಲೇ ರಾತ್ರಿ ಕಳೆದುಹೋಗುತ್ತದೆ. ಬಿಡುವು ಕಡಿಮೆಯಿರುವವರಿಗೆ 2018ರ ಇನ್‌ಟು ದ ಬ್ರೀಚ್ ಹೆಚ್ಚು ಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಪುಟ್ಟ ಅಂಕಣವಿದೆ; ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆಂಬುದು ಮೊದಲೇ ಕಾಣಿಸುವುದರಿಂದ ತಪ್ಪಾದರೆ ತಪ್ಪು ಎಲ್ಲಾಯಿತೆಂಬುದೂ ತಿಳಿಯುತ್ತದೆ.

ಸೋಲನ್ನು ಸಹಿಸುವ ಬಗೆ ಒಬ್ಬೊಬ್ಬರದು ಒಂದೊಂದು. ಎಲ್ಡನ್ ರಿಂಗ್ ಆಟದ ಒಬ್ಬನೇ ಎದುರಾಳಿಗೆ ಇಪ್ಪತ್ತು ಸಲ ಸೋತು, ಇಪ್ಪತ್ತೊಂದನೆಯ ಸಲ ಗೆದ್ದಾಗ ಎದ್ದು ಕುಣಿಯುವವರಿದ್ದಾರೆ; ಮೂರನೆಯ ಸಲಕ್ಕೇ ಕಂಟ್ರೋಲರ್ ಕೆಳಗಿಡುವವರೂ ಇದ್ದಾರೆ. ಎರಡನೆಯವರಿಗೆ ಆ್ಯಕ್ಷನ್ ಆಗದು ಎಂದು ತೀರ್ಮಾನಿಸಬೇಕಿಲ್ಲ. 2020ರ ಹೇಡೀಸ್ ಆಟದ ಗಾಡ್ ಮೋಡ್ ಬಳಸಿದರೆ ಏಟಿನ ಪರಿಣಾಮ ಆರಂಭದಲ್ಲಿಯೇ ಶೇ. 20ರಷ್ಟು ಇಳಿಯುತ್ತದೆ, ಸತ್ತಾಗಲೆಲ್ಲ ಇನ್ನೂ ಶೇ. 2ರಷ್ಟು ರಕ್ಷಣೆ ಸೇರುತ್ತ ಹೋಗುತ್ತದೆ. ಕಥೆಯಲ್ಲಿ ಮಾತ್ರ ಏನೂ ಕಡಿಮೆಯಾಗುವುದಿಲ್ಲ. ಬೆಟ್ಟ ಹತ್ತುವ ಸೆಲೆಸ್ಟ್ ಆಟದ ಅಸಿಸ್ಟ್ ಮೋಡ್‌ನಲ್ಲಿ ವೇಗವನ್ನೇ ತಗ್ಗಿಸಬಹುದು. ಇಂಥ ಸೌಲಭ್ಯ ಎಲ್ಲಿದೆ ಎಂಬುದನ್ನು ಆಟದ ಹೆಸರಿನೊಂದಿಗೇ ತಿಳಿಸಿ, ಅದನ್ನು ಬಳಸುವುದರಲ್ಲಿ ಸಂಕೋಚವೇನೂ ಬೇಡವೆಂದೂ ಹೇಳಿ.

ಕಥೆಗಾಗಿ ಆಡುವವರಲ್ಲಿ ಓದಿನ ರುಚಿ ಇದ್ದರೆ 2019ರ ಡಿಸ್ಕೋ ಎಲಿಸಿಯಂ ಸೂಚಿಸಬಹುದು. ಅಲ್ಲಿ ಹೆಚ್ಚಿನದೆಲ್ಲ ನಡೆಯುವುದು ಸಂಭಾಷಣೆಯಲ್ಲಿಯೇ. ಓದು ಬೇಡವೆನ್ನುವವರಿಗೆ, ಒಂದು ಮಾತೂ ಇಲ್ಲದೆ ಸುಮಾರು ಎರಡು ಗಂಟೆಯಲ್ಲಿ ಮುಗಿಯುವ ಜರ್ನಿ ಇದೆ. ಔಟರ್ ವೈಲ್ಡ್ಸ್ ಬಗ್ಗೆ ಹೇಳುವಾಗ ಮಾತ್ರ ನಾಲಿಗೆ ಬಿಗಿಹಿಡಿಯಬೇಕು. 22 ನಿಮಿಷಗಳ ಕಾಲಚಕ್ರ ಮರುಕಳಿಸುತ್ತಿರುವ ಪುಟ್ಟ ಸೌರಮಂಡಲದಲ್ಲಿ ಆಟಗಾರ ಒಂದು ಸುತ್ತಿನಿಂದ ಇನ್ನೊಂದಕ್ಕೆ ಒಯ್ಯುವುದು ತಾನು ತಿಳಿದುಕೊಂಡದ್ದನ್ನು ಮಾತ್ರ. ನಾವು ಮೊದಲೇ ಬಿಟ್ಟುಕೊಟ್ಟ ಪ್ರತಿಯೊಂದು ಗುಟ್ಟೂ ಆ ಆಟದ ಒಂದು ಭಾಗವನ್ನೇ ಕಸಿದುಕೊಳ್ಳುತ್ತದೆ.

ಇಬ್ಬರು ಕೂಡಿ ಆಡುವುದಾದರೆ ಇಟ್ ಟೇಕ್ಸ್ ಟೂ ಇಬ್ಬರಿಗೆಂದೇ ರಚಿತವಾದ ಆಟ. ಪೋರ್ಟಲ್ 2ರಲ್ಲಿ ಇಬ್ಬರಿಗೆ ಪ್ರತ್ಯೇಕ ಒಗಟುಗಳಿವೆ. ಅದನ್ನು ಮೊದಲೇ ಆಡಿರುವವರು ಉತ್ತರ ಹೇಳದೆ ಸುಮ್ಮನಿರಲು ಕಲಿಯಬೇಕು. ಕ್ರೀಡೆಯ ಹುರುಪು ಬಯಸುವವರಿಗೆ ಐದು ನಿಮಿಷಗಳ ಪಂದ್ಯಗಳಿರುವ ರಾಕೆಟ್ ಲೀಗ್ ಸಾಕು.

ಮಕ್ಕಳಿಗೆ ಸೂಚಿಸುವಾಗ ಪೆಗಿ (ಯುರೋಪ್) ಅಥವಾ ಇಎಸ್‌ಆರ್‌ಬಿ (ಅಮೆರಿಕ) ಸಂಸ್ಥೆ ಆಟಕ್ಕೆ ಸೂಚಿಸಿದ ವಯೋಮಿತಿಯನ್ನು ನೋಡದೆ ಹೆಸರು ಹೇಳಬಾರದು. ಕಂಪ್ಯೂಟರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಮೂಲಕ ಕೊಳ್ಳುವವರಿಗೆ, ಕೊಂಡ 14 ದಿನಗಳೊಳಗೆ ಹಾಗೂ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದೆಂದು ತಿಳಿಸಿ. ಆಮೇಲೆ ಒಂದೆರಡು ವಾರ ಬಿಟ್ಟು, ಇಷ್ಟವಾಯಿತೇ ಎಂದು ಕೇಳುವ ಬದಲು ಎಲ್ಲಿ ನಿಲ್ಲಿಸಿದಿರಿ ಎಂದು ವಿಚಾರಿಸಿ. ಸೌಜನ್ಯಕ್ಕಾಗಿ ಚೆನ್ನಾಗಿದೆ ಎಂದುಬಿಡುವವರೂ, ನಿಲ್ಲಿಸಿದ ಜಾಗವನ್ನು ಹೇಳುವಾಗ ಕೈಗೆ ಕಷ್ಟವಾಯಿತೋ, ಹೊತ್ತು ಸಾಲಲಿಲ್ಲವೋ, ಸೋತು ಸಾಕಾಯಿತೋ ಎಂಬುದನ್ನು ತಾವಾಗಿಯೇ ಹೇಳುತ್ತಾರೆ. ಮುಂದಿನ ಆಟವನ್ನು ಆ ಉತ್ತರದಿಂದಲೇ ಆರಿಸಿ.